ನಾಲ್ಕು ಅಂಗುಲ ಖಾಲಿ ಬಿಟ್ಟ ಪ್ರಾರ್ಥನೆ

ಕಾಗದ ಸಾಲದೆ ಹೋಗಬಹುದಿತ್ತು. ಮೈಸೂರಿನ ಬಸ್ಸು ಬಿಳಿಕೆರೆಯ ಹತ್ತಿರ ಕೆಟ್ಟು ನಿಂತು ಪ್ರೂಫು ಬಿಷಪ್ಪರ ಕೈ ಸೇರದೆ ಹೋಗಬಹುದಿತ್ತು. ಸೇರಿದರೂ ಅವರು ಒಪ್ಪದಿರಬಹುದಿತ್ತು. ಬಿಷಪ್ಪರು ಒಪ್ಪಿ ಪಾದ್ರಿ ಅಯ್ಯನವರು ಒಪ್ಪದಿರಬಹುದಿತ್ತು. ಇಬ್ಬರೂ ಒಪ್ಪಿದ ಮೇಲೆ ಗೋದಾಮಿನ ಯಜಮಾನರು 'ನಮಗ್ಯಾಕೆ ಈ ಉಸಾಬರಿ' ಎಂದು ಬೀಗದ ಕೈ ಕೊಡದಿರಬಹುದಿತ್ತು. ನನ್ನ ಟ್ರೆಡಲ್ ಅಚ್ಚುಯಂತ್ರದ ಪೆಡಲು ಕಳಚಿಕೊಳ್ಳಬಹುದಿತ್ತು. ಅಚ್ಚಿನ ಮೊಳೆ ಜೋಡಿಸುವಾಗ ಕೈ ತಪ್ಪಿ 'ತಂದೆ' ಹೋಗಿ 'ದಂಡೆ' ಆಗಬಹುದಿತ್ತು. ಹೊಗೆಸೊಪ್ಪಿನ ಘಾಟಿಗೆ ಎರಡು ಸಭೆಯ ಜನವೂ ಸೀನುವುದರಲ್ಲೇ ಕಾಲ ಕಳೆದು, ಒಂದಾದದ್ದು ಅದೊಂದರಲ್ಲಿ ಮಾತ್ರ ಎನ್ನುವಂತಾಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದು: ಉಪದೇಶಿಗಳು ಬಾಗಿಲ ತನಕ ಬಂದು, ಒಳಗೆ ನಿಂತಿದ್ದ ಮಗಳ ಮುಖ ನೋಡಿ, ಹಾಗೇ ತಿರುಗಿ ಮನೆಗೆ ಹೋಗಿಬಿಡಬಹುದಿತ್ತು.

ಇವಿಷ್ಟನ್ನೂ ನಾನು ಒಂದು ರದ್ದಿ ಪ್ರೂಫಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ನಲವತ್ತಾರು ವರ್ಷದ ಅಭ್ಯಾಸ. ಬರೆದಿಟ್ಟರೆ ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ಹೆಂಡತಿ ಅದನ್ನು ಓದಿ, "ಭೂಕಂಪ ಬುಟ್ಬುಟ್ಟಿದ್ದೀರಲ್ಲ" ಎಂದಳು. ಅದನ್ನೂ ಬರೆದುಕೊಂಡೆ.

ಹುಣಸೂರಿನಲ್ಲಿ ನನ್ನದು ಒಂದು ಟ್ರೆಡಲ್ಲಿನ ಮುದ್ರಣಾಲಯ. ಮದುವೆ ಕರೆಯೋಲೆ, ಹೊಗೆಸೊಪ್ಪಿನ ವ್ಯಾಪಾರಿಗಳ ರಸೀತಿ ಪುಸ್ತಕ, ಮಠದ ಆಹ್ವಾನ ಪತ್ರಿಕೆ, ಇವು ನನ್ನ ಕೆಲಸ. ಐವತ್ತರ ದಶಕದ ನಡುವಿನ ಒಂದು ವರ್ಷ, ಸಂಕ್ರಾಂತಿಯ ಮರುದಿನ, ಬಾಯಲ್ಲಿ ಇನ್ನೂ ಎಳ್ಳುಬೆಲ್ಲ ಇರುವಾಗಲೇ ಕ್ಯಾಥೊಲಿಕ್ ಚರ್ಚಿನ ಉಪದೇಶಿಗಳು ಬಂದರು. ಅವರ ಚರ್ಚಿಗೆ ಊರಿನಲ್ಲಿ ಖಾಯಂ ಪಾದ್ರಿಗಳಿರಲಿಲ್ಲ. ಹೊರಗಿನಿಂದ ಒಬ್ಬರು ತಿಂಗಳಿಗೆ ಎರಡು ಸಲ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಕಲಿಸುವುದು ಎಲ್ಲ ಈ ಉಪದೇಶಿಗಳೇ. ಅರವತ್ತು ದಾಟಿದ್ದ, ಇಸ್ತ್ರಿಯಿಲ್ಲದ ಅಂಗಿಗೂ ಕತ್ತಿನ ಗುಂಡಿ ಹಾಕುವ ಮನುಷ್ಯ.

ಅವರ ಸಂಕಟ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಒಬ್ಬಳೇ ಮಗಳು, ತಾಯಿಯಿಲ್ಲದವಳು, ಎಂಟು ವರ್ಷದ ಹಿಂದೆ ಪ್ರಾಟೆಸ್ಟೆಂಟ್ ಸಭೆಯ ಒಬ್ಬ ಕಾಂಪೌಂಡರನ್ನು ಅವರ ದೇವಾಲಯದಲ್ಲೇ ಮದುವೆಯಾಗಿದ್ದಳು. ಅಪ್ಪ ಮಗಳ ಮೇಲೆ ಮುನಿದವರಲ್ಲ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಕಳಿಸುವರು, ಬೀದಿಯಲ್ಲಿ ಮೊಮ್ಮಕ್ಕಳ ಕೆನ್ನೆ ಹಿಂಡುವರು. ಆದರೆ ಬೇರೆ ಸಭೆಯವರ ಪ್ರಾರ್ಥನೆಯಲ್ಲಿ ಸೇರಬಾರದು ಎಂಬುದು ಅವರ ಧರ್ಮಸಭೆಯ ಕಟ್ಟಳೆ. ಮೊಮ್ಮಕ್ಕಳ ದೀಕ್ಷಾಸ್ನಾನಕ್ಕೂ ಹೋಗಲಿಲ್ಲ. ಮಗಳ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳುವರೆಂದು ಊಟಕ್ಕೂ ಕೂರಲಿಲ್ಲ. ಕಟ್ಟಳೆ ಮುರಿಯುವ ಜಾತಿಯೇ ಅಲ್ಲ ಅದು. ಕಟ್ಟಳೆ ಇಟ್ಟವರೇ ಬಾಗಿಲು ತೆರೆಯಬೇಕಿತ್ತು.

ತೆರೆದಿದ್ದರಂತೆ. ಉಪದೇಶಿಗಳು ಜೇಬಿನಿಂದ ಬಿಷಪ್ಪರ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದರು. ಕೆಲವು ವರ್ಷಗಳ ಹಿಂದೆಯೇ ರೋಮಿನಿಂದ ಒಂದು ನಿರ್ದೇಶನ ಬಂದಿತ್ತು: ಬಿಷಪ್ಪರ ಮೇಲ್ವಿಚಾರಣೆಯಲ್ಲಿ ಕ್ಯಾಥೊಲಿಕ್ಕರೂ ಇತರ ಕ್ರೈಸ್ತರೂ ಒಂದು ಕಡೆ ಸೇರಿ ಮಾತಾಡಬಹುದು, ಸೇರಿದಾಗ ಯೇಸು ಕಲಿಸಿದ ಆ ಒಂದು ಪ್ರಾರ್ಥನೆಯನ್ನು ಒಟ್ಟಿಗೆ ಹೇಳಬಹುದು. ಅದೂ ದೇವಾಲಯದ ಪೂಜೆಯಾಗಬಾರದು. ಜನವರಿಯಲ್ಲಿ ಕ್ರೈಸ್ತರ ಐಕ್ಯಕ್ಕಾಗಿ ಪ್ರಾರ್ಥಿಸುವ ವಾರವೊಂದಿದೆ. ಆ ವಾರದ ಕೊನೆಯ ಭಾನುವಾರ ಹುಣಸೂರಿನಲ್ಲಿ ಒಮ್ಮೆ ನೋಡೋಣ ಎಂದು ಬಿಷಪ್ಪರು ಒಪ್ಪಿದ್ದರು. ಗಲಾಟೆಯಾದರೆ ಇದೇ ಮೊದಲು, ಇದೇ ಕೊನೆ ಎಂದೂ ಬರೆದಿದ್ದರು. ಇವರ ದೇವಾಲಯಕ್ಕೆ ಅವರು ಬರರು, ಅವರದಕ್ಕೆ ಇವರು ಹೋಗರು. ಹಾಗಾಗಿ ನಮ್ಮ ಪೈಕಿಯ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಗೋದಾಮನ್ನು ಉಪದೇಶಿಗಳು ಬೇಡಿ ಗೊತ್ತುಮಾಡಿದ್ದರು.

"ಇನ್ನೂರು ಹಾಳೆ ಬೇಕು, ಸಾವ್ಕಾರ್ರೇ. ವಯಸ್ಸಾದೋರು ಓದಂಗೆ ದಪ್ಪ ಮೊಳೇಲಿ. ಮೊದ್ಲು ಬಿಷಪ್ಪರು ನೋಡಿ ಸಹಿ ಹಾಕ್ಬೇಕು, ಆಮೇಲೆ ಅಚ್ಚು."

"ಆ ಸಭೆಯ ಪಾದ್ರಿ ಅಯ್ಯನೋರು?"

"ಅವ್ರೂ ನೋಡ್ಲಿ. ಅದ್ರಲ್ಲಿ ತಕರಾರು ಮಾಡಾಕೆ ಏನೈತೆ? ಒಂದೇ ಪ್ರಾರ್ಥನೆ ಅಲ್ವ್ರಾ, ಎಲ್ರುದೂ?"

ಅವರು ಬರೆದು ತಂದಿದ್ದ ಹಸ್ತಪ್ರತಿಯ ತಲೆಬರಹದಲ್ಲಿ 'ಜಗದ್ಗುರುಗಳ ಅಪ್ಪಣೆ ಪ್ರಕಾರ' ಎಂದಿತ್ತು. ನಾನು ವಿಭೂತಿ ಹಚ್ಚುವವನು. ಜಗದ್ಗುರುಗಳೆಂದರೆ ನನ್ನ ಕಣ್ಣಿಗೆ ಬರುವುದು ಮಠ. "ಯಾವ ಜಗದ್ಗುರುಗಳು?" ಎಂದೆ. ಅವರು ನಕ್ಕು, "ನಿಮಗೊಬ್ರು ಇರಬೋದು, ನಮಗೊಬ್ರು ಇರಬಾರ್ದಾ? ಪೋಪ್ ಜಗದ್ಗುರುಗಳು, ರೋಮ್‌ನೋರು," ಎಂದರು.

ಮೊದಲ ತೊಂದರೆ ಒತ್ತಕ್ಷರದ್ದು. ಬೇಗ ಮುಗಿಯಲೆಂದು ಒಂದೇ ಚೌಕಟ್ಟಿನಲ್ಲಿ ಅದೇ ಹಾಳೆಯನ್ನು ಎರಡು ಸಲ ಜೋಡಿಸಿ, ಒಂದು ಒತ್ತಿಗೆ ಎರಡು ಪ್ರತಿ ತೆಗೆಯುವುದು ನನ್ನ ಲೆಕ್ಕ. ಆದರೆ ಉಪದೇಶಿಗಳ ಪ್ರಾರ್ಥನೆಯಲ್ಲಿ 'ನಮ್ಮ', 'ನಿಮ್ಮ', 'ನಮ್ಮ', 'ನಿಮ್ಮ' ಎಂದು ಸಾಲು ಸಾಲಿಗೂ ಮ-ಒತ್ತು. ದಪ್ಪ ಮೊಳೆ ಇಡುವ ಮರದ ಕೇಸಿನಲ್ಲಿ ಮ-ಒತ್ತಿನ ಖಾನೆಯನ್ನು ಕೆರೆದರೆ ಸಿಕ್ಕಿದ್ದು ಒಂಬತ್ತು, ಅದರಲ್ಲೂ ಎರಡು ಸವೆದವು. ಮರುದಿನ ಕೆ.ಆರ್. ನಗರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಜೊತೆಯಲ್ಲೇ ಕಸುಬು ಕಲಿತ ಗೆಳೆಯನದೊಂದು ಅಚ್ಚುಕೂಟ.

"ದುಡ್ ಕೇಳಾಕೆ ಬಂದೋರ್ನ ಕಂಡಿವ್ನಿ, ಎಣ್ ಕೇಳಾಕೆ ಬಂದೋರ್ನ ಕಂಡಿವ್ನಿ," ಎಂದ ಅವನು. "ಮ-ಒತ್ ಕೇಳಾಕೆ ಬಸ್ ಅತ್ಕಂಡ್ ಬಂದೋನು ನೀನೊಬ್ನೇ ಕಣ್ಲಾ."

"ಎಷ್ಟಿದಾವೆ ಅಷ್ಟೂ ಕೊಡೋ, ಒಂದು ವಾರಕ್ಕೆ."

"ತಗಂಡೋಗು. ಅಲ್ಲೀಗಂಟ ನಮ್ಮೂರಲ್ಲಿ ಅಮ್ಮ ಅನ್ನಂಗಿಲ್ಲ, ತಮ್ಮ ಅನ್ನಂಗಿಲ್ಲ."

ಮೂವತ್ತೆರಡು ಮ-ಒತ್ತುಗಳನ್ನು ವಸ್ತ್ರದ ತುದಿಗೆ ಗಂಟು ಹಾಕಿ, ದಾರಿಯುದ್ದಕ್ಕೂ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದವನು ಚಿನ್ನವೆಂದು ತಿಳಿದಿರಬೇಕು. ನನ್ನ ಕಡೆಗೇ ಜರುಗಿ ಕೂತ.

ಮೂರನೆಯ ದಿನಕ್ಕೆ ಪ್ರೂಫು ಎತ್ತಿದೆ. ಇಲ್ಲೇ ನನ್ನ ಬುದ್ಧಿವಂತಿಕೆ ನನಗೆ ತಿರುಗಿಬಿದ್ದದ್ದು. ಮಠದ ಪತ್ರಿಕೆಗಳು ಮೇಲಿಂದ ಮೇಲೆ ಬರುವುದರಿಂದ ಕೆಲವು ಸಾಲುಗಳನ್ನು ನಾನು ಬಿಚ್ಚುವುದೇ ಇಲ್ಲ. ಜೋಡಿಸಿದ ಮೊಳೆಗಳನ್ನು ಹಾಗೇ ದಾರದಲ್ಲಿ ಬಿಗಿದು ಕಪಾಟಿನಲ್ಲಿಡುತ್ತೇನೆ. 'ಶ್ರೀಮಜ್ಜಗದ್ಗುರುಗಳವರ ಅಪ್ಪಣೆ ಪ್ರಕಾರ' ಎಂಬ ಸಾಲು ಸಿದ್ಧವಾಗಿತ್ತು, ಎರಡೂ ಕಡೆ ಬಳ್ಳಿಯ ಚಿತ್ತಾರ ಸಮೇತ. ಹೊಸದಾಗಿ ಏಕೆ ಜೋಡಿಸಲಿ ಎಂದು ಅದನ್ನೇ ಎತ್ತಿ ಮೇಲೆ ಕೂರಿಸಿದ್ದೆ. ಉಪದೇಶಿಗಳು ಅದನ್ನು ಕಂಡು ಹಿಗ್ಗಿದರು. ತಮ್ಮ ಪೋಪರಿಗೆ ಹುಣಸೂರಿನಲ್ಲಿ ಇಂಥ ಮರ್ಯಾದೆ ಸಿಕ್ಕೀತೆಂದು ಅವರು ಎಣಿಸಿರಲಿಲ್ಲ.

ಸಂಜೆ ನಾಲ್ಕಕ್ಕೆ ಪ್ರಾಟೆಸ್ಟೆಂಟ್ ಸಭೆಯ ಪಾದ್ರಿ ಅಯ್ಯನವರು ಬಂದರು. ಮೈಸೂರು ಕಡೆಯವರು, ವಯಸ್ಸು ನಲವತ್ತರ ಒಳಗೆ, ಸೈಕಲ್ಲು. ಪ್ರೂಫನ್ನು ಬೆಳಕಿಗೆ ಹಿಡಿದರು.

"ಏನ್ರೀ ಇದು, ಮಠದ ಪಟ್ಟಾಭಿಷೇಕವಾ?"

ಉಪದೇಶಿಗಳು ಅಲ್ಲೇ ಕೂತಿದ್ದರು.

"ಬಳ್ಳಿ ಬೇಕಾದರೆ ತೆಗೀತೀನಿ," ಎಂದೆ.

"ಬಳ್ಳಿ ಇರಲಿ. ಯಾರಿಗ್ರೀ ಅಪ್ಪಣೆ? ನನಗಾ? ರೋಮಿನವರು ಅಪ್ಪಣೆ ಮಾಡಿದ್ದಕ್ಕೆ ನಾನೂ ನನ್ನ ಸಭೆಯೂ ಗೋದಾಮಿಗೆ ಬರ್ತಿದ್ದೀವಾ? ಕರೆದಿದ್ದಾರೆ, ಬರ್ತೀವಿ. ಅಪ್ಪಣೆ ಅಂದರೆ ಬರಲ್ಲ."

ಉಪದೇಶಿಗಳು ಎದ್ದು ನಿಂತರು. "ಅಯ್ನೋರೆ, ಅಪ್ಪಣೆ ಆಗಿರೋದು ನಮಗೆ ಕಣ್ರೀ. ನಾವು ನಿಮ್ ಜೊತೆ ನಿಂತ್ಕಬೋದು ಅಂತ ಅಪ್ಪಣೆ."

"ಹಾಳೆಯಲ್ಲಿ ಹಾಗಿಲ್ಲವಲ್ಲ."

ಕನ್ನಡದ ಒಂದೇ ಪದ. ಒಬ್ಬರು ಅದನ್ನು 'ಆಗಬಹುದು' ಎಂದು ಓದಿದ್ದರು, ಇನ್ನೊಬ್ಬರು 'ಮಾಡತಕ್ಕದ್ದು' ಎಂದು. ಇಪ್ಪತ್ತು ವರ್ಷದಿಂದ ಆ ಸಾಲನ್ನು ದಾರದಲ್ಲಿ ಕಟ್ಟಿಟ್ಟಿದ್ದ ನನಗೆ ಅದರಲ್ಲಿ ಎರಡು ಅರ್ಥವಿರುವುದು ಅವತ್ತೇ ತಿಳಿದದ್ದು. ಪಾದ್ರಿಗಳು ಪೆನ್ಸಿಲು ತೆಗೆದು ಪ್ರಾರ್ಥನೆಗೆ ಇಳಿದರು.

"ಇದೂ ಸರಿಯಿಲ್ಲ. 'ನಿಮ್ಮ' ಅಂದರೇನು? ನಮ್ಮಲ್ಲಿ 'ನಿನ್ನ'. ದೇವರಿಗೆ ಯಾರಾದರೂ ನೀವು, ತಾವು ಅಂತಾರೇನ್ರೀ? ಅಮಲ್ದಾರರಿಗೆ ಅರ್ಜಿ ಬರೀತಿದ್ದೀವಾ?"

"ನಮ್ಮಪ್ಪನಿಗೇ ನಾನು ನೀನು ಅಂದೋನಲ್ಲ," ಎಂದರು ಉಪದೇಶಿಗಳು. "ಪರಲೋಕದ ತಂದೆಗೆ ಅಂತೀನಾ?"

"ತಾಯಿಗೆ ಏನಂತಿದ್ರಿ?"

ಉಪದೇಶಿಗಳು ಹಾಕಿಯೇ ಇದ್ದ ಕತ್ತಿನ ಗುಂಡಿಯನ್ನು ಮುಟ್ಟಿಕೊಂಡರು. ಪಾದ್ರಿಗಳು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಯಜಮಾನ್ರೇ, ನಿಮ್ಮ ಶಿವನಿಗೆ ಏನಂತೀರಿ?"

ಆ ಹೊತ್ತಿಗೆ ನಾನು ಮನಸ್ಸಿನಲ್ಲಿ 'ಶಿವನೇ, ನೀನೇ ಕಾಪಾಡು' ಎಂದುಕೊಳ್ಳುತ್ತಿದ್ದೆ. ಆದರೆ ಅದನ್ನು ಸಾಕ್ಷಿ ಹೇಳುವ ಧೈರ್ಯ ಬರಲಿಲ್ಲ. "ಒಂದೊಂದ್ ಸಲ ಒಂದೊಂದ್ ಥರ," ಎಂದುಬಿಟ್ಟೆ. ಇಬ್ಬರಿಗೂ ಅದು ಹಿಡಿಸಲಿಲ್ಲ.

ಮೂರನೆಯ ತಕರಾರು ಕೊನೆಯದು. ಕ್ಯಾಥೊಲಿಕ್ಕರ ಪ್ರಾರ್ಥನೆ ಮುಗಿದ ಮೇಲೂ ಪ್ರಾಟೆಸ್ಟೆಂಟರದು ಇನ್ನೊಂದು ಸಾಲು ಮುಂದಕ್ಕೆ ಹೋಗುತ್ತದೆ. ಪಾದ್ರಿಗಳು ಅದನ್ನು ಪ್ರೂಫಿನ ಅಂಚಿನಲ್ಲಿ ಬರೆದರು. ಆ ಸಾಲಿಲ್ಲದ ಹಾಳೆಯನ್ನು ನಮ್ಮ ಜನ ಹಿಡಿಯುವುದಿಲ್ಲ ಎಂದರು. ಆ ಸಾಲಿರುವ ಹಾಳೆಯನ್ನು ನಮ್ಮ ಬಿಷಪ್ಪರು ಒಪ್ಪುವುದಿಲ್ಲ ಎಂದರು ಉಪದೇಶಿಗಳು. ಒಬ್ಬರು ಸೈಕಲ್ಲು ಹತ್ತಿ ಹೋದರು. ಇನ್ನೊಬ್ಬರು ಕೊಡೆ ಮರೆತು ಹೋದರು. ಕೆ.ಆರ್. ನಗರದ ಮೂವತ್ತೆರಡು ಮ-ಒತ್ತುಗಳ ಜೊತೆ ನಾನು ಉಳಿದೆ. 'ನಿನ್ನ' ಎಂದಾಗುವುದಾದರೆ ಈಗ ನ-ಒತ್ತು ಬೇಕು. ಅದಕ್ಕೆ ಯಾವ ಊರಿಗೆ ಹೋಗುವುದು, ಪಿರಿಯಾಪಟ್ಟಣಕ್ಕೋ ಎಚ್.ಡಿ. ಕೋಟೆಗೋ ಎಂದು ಲೆಕ್ಕ ಹಾಕುತ್ತ ಅವತ್ತು ಊಟದಲ್ಲಿ ಉಪ್ಪಿಲ್ಲದ್ದೂ ತಿಳಿಯಲಿಲ್ಲ.

ಮಾರನೆಯ ದಿನ ಎರಡು ಪ್ರೂಫು ಮಾಡಿದೆ, ಒಂದು ಉಪದೇಶಿಗಳದು, ಒಂದು ಪಾದ್ರಿಗಳದು. ಅವರದಕ್ಕೆ ನ-ಒತ್ತು ಸಾಲದೆ ಸಣ್ಣ ಮೊಳೆಯ ಒತ್ತನ್ನು ದಪ್ಪ ಮೊಳೆಯ ಕೆಳಗೆ ತುರುಕಿದೆ. ದೊಡ್ಡವರ ಕಾಲಿಗೆ ಕೂಸಿನ ಚಪ್ಪಲಿ ಹಾಕಿದಂತೆ ಕಂಡಿತು. ನೂರು ಹಾಳೆ ಹೀಗೆ, ನೂರು ಹಾಗೆ ಅಚ್ಚು ಹಾಕಿ ಬಾಗಿಲಲ್ಲಿ ಜನ ನೋಡಿ ಹಂಚುವುದೆಂದು ಯೋಚಿಸಿದೆ. ಆಮೇಲೆ ಹೊಳೆಯಿತು: ಒಂದಾಗಲು ಬಂದವರನ್ನು ಬಾಗಿಲಲ್ಲೇ ಎರಡು ಸಾಲು ಮಾಡಿ ನಿಲ್ಲಿಸುವವನು ನಾನಾಗುತ್ತೇನೆ.

ಆ ಮಧ್ಯಾಹ್ನ ಉಪದೇಶಿಗಳ ಮಗಳು ಬಂದಳು. ಅಪ್ಪನ ಕೊಡೆ ತೆಗೆದುಕೊಂಡು ಹೋಗಿ ಅವರ ಜಗಲಿಯ ಮೇಲೆ ಇಡಲು ಬಂದೆ ಎಂದಳು. ಆದರೆ ಕೊಡೆ ಹಿಡಿದವಳು ಹೋಗಲಿಲ್ಲ. ಮೊಳೆ ಜೋಡಿಸುವ ಕಲ್ಲಿನ ಮೇಲಿದ್ದ ಎರಡು ಪ್ರೂಫುಗಳನ್ನು ಓದಿದಳು.

"ಅಪ್ಪ ನೆನ್ನೆಯಿಂದ ಸರ್ಯಾಗಿ ಉಂಡಿಲ್ವಂತೆ ಅಣ್ಣೋರೆ. ಬಿಷಪ್ಪರಿಗೆ ಬ್ಯಾಡ ಅಂತ ಬರ್ದುಬುಡ್ತೀನಿ ಅಂತವ್ರಂತೆ."

"ನಿನಗೆ ಯಾವುದಾಗಬೇಕಮ್ಮ?"

"ಅವ್ರ ತೊಡೆ ಮೇಲೆ ಕಲ್ತಿದ್ದು ಇದು." ಅಪ್ಪನದನ್ನು ಮುಟ್ಟಿದಳು, ಆಮೇಲೆ ಇನ್ನೊಂದನ್ನು. "ಎಂಟು ವರ್ಸದಿಂದ ಮನೇಲಿ ಹೇಳೋದು ಇದು. ನಂಗೆ ಒಂದ್ಸಲ ಹಂಗೆ ಬತ್ತದೆ, ಒಂದ್ಸಲ ಹಿಂಗೆ. ಮಕ್ಳು ನಗ್ತವೆ." ಎರಡು ಪ್ರೂಫನ್ನೂ ಒಂದರ ಮೇಲೊಂದು ಇಟ್ಟು ಹೇಳಿದಳು: "ನೀವು ಯಾವ್ದನ್ನ ಅಚ್ಚಾಕಿದ್ರೂ ಒಬ್ರು ಸೋತಂಗಾಯ್ತದೆ. ನಮ್ಮಪ್ಪ ನನ್ ಪಕ್ಕ ನಿಂತು ಬಾಯಿ ಬುಟ್ರೆ ಸಾಕು. ಯಾವ ಪದ ಅಂತ ನಾನು ಕೇಳಾಕಿಲ್ಲ. ನಂಗಂತೂ ಹಾಳೇನೇ ಬ್ಯಾಡ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬತ್ತದೆ."

ಅವಳು ಹೋದ ಮೇಲೆ ಆ ಕೊನೆಯ ಮಾತು ಅಲ್ಲೇ ಉಳಿಯಿತು. ಇನ್ನೂರು ಜನರಲ್ಲಿ ಈ ಪ್ರಾರ್ಥನೆ ಬಾಯಿಗೆ ಬಾರದವರು ಯಾರು? ಓದು ಬಾರದ ಮುದುಕಿಯರಿಗೂ ಬರುತ್ತದೆ. ಬಾಯಿಗೆ ಬರುವುದನ್ನು ಹಾಳೆಯ ಮೇಲೆ ಹಾಕಿಯೇ ನಾವು ಜಗಳ ತಂದುಕೊಂಡಿದ್ದೆವು. ರೋಮಿನವರು ಪ್ರಾರ್ಥನೆ ಹೇಳಬಹುದು ಎಂದಿದ್ದರೇ ಹೊರತು ಅಚ್ಚು ಹಾಕಿಸಿ ಎಂದಿರಲಿಲ್ಲ. ಮುದ್ರಕನಾಗಿ ನನ್ನ ಜೀವಮಾನದಲ್ಲಿ ತೆಗೆದುಕೊಂಡ ಒಂದೇ ದೊಡ್ಡ ತೀರ್ಮಾನವೆಂದರೆ ಮುದ್ರಿಸದೆ ಇರುವುದು.

ಪ್ರಾರ್ಥನೆಯ ಅಷ್ಟೂ ಸಾಲುಗಳನ್ನು ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ಹಾಕಿದೆ. 'ಎಲ್ಲರೂ ಎದ್ದು ನಿಂತು, ಒಟ್ಟಿಗೆ, ಯೇಸು ಕಲಿಸಿದ ಪ್ರಾರ್ಥನೆ' ಎಂದು ಒಂದು ಸಾಲು ಜೋಡಿಸಿ, ಅದರ ಕೆಳಗೆ ಮರದ ತುಂಡುಗಳನ್ನು ಇಟ್ಟು ನಾಲ್ಕು ಅಂಗುಲ ಖಾಲಿ ಬಿಟ್ಟೆ. ತಲೆಬರಹವನ್ನು ಬಳ್ಳಿ ಸಮೇತ ಕಪಾಟಿಗೆ ಹಿಂತಿರುಗಿಸಿ, 'ಪೋಪ್ ಜಗದ್ಗುರುಗಳು ಅನುಮತಿ ಕೊಟ್ಟು, ಎರಡೂ ಸಭೆಯವರು ಮನಸ್ಸು ಮಾಡಿ' ಎಂದು ಹಾಕಿದೆ. ಪಾದ್ರಿಗಳು ಓದಿ, ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು, ಮತ್ತೆ ಕಿವಿಯ ಮೇಲೆ ಇಟ್ಟುಕೊಂಡರು. "ಅನುಮತಿ ಅವರಿಗೆ. ಮನಸ್ಸು ನಮಗೂ ಉಂಟು. ಆಗಬಹುದು," ಎಂದರು. ಉಪದೇಶಿಗಳು ಖಾಲಿ ಜಾಗವನ್ನು ಬೆರಳಲ್ಲಿ ಸವರಿದರು.

"ಬಿಷಪ್ಪರು ಏನಂತಾರೋ. ಮೊಳೆ ಸಾಲದೆ ಬುಟ್ಟವ್ರೆ ಅನ್ಕಂಡ್ರೆ?"

ಈ ಭಯ ನನ್ನ ಪಟ್ಟಿಯಲ್ಲಿರಲಿಲ್ಲ. ಸೇರಿಸಿಕೊಂಡು ಮರುದಿನ ನಾನೇ ಮೈಸೂರಿಗೆ ಹೋದೆ. ಬಿಷಪ್ಪರ ಮನೆಯ ಬೆಂಚಿನ ಮೇಲೆ ಮೂರು ಗಂಟೆ ಕೂತೆ. ಹಣೆಯ ವಿಭೂತಿ ಒರೆಸಿಕೊಳ್ಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬೆವರೇ ಅರ್ಧ ಒರೆಸಿತ್ತು. ಅವರ ಕಾರ್ಯದರ್ಶಿ ಪಾದ್ರಿಗಳು ಪ್ರೂಫು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಪ್ರಾರ್ಥನೆ ಎಲ್ಲಿ?"

"ಅವರವರ ಬಾಯಲ್ಲಿ, ಸ್ವಾಮಿ."

ಅವರು ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬಂದಾಗ ಪ್ರೂಫಿನ ಮೂಲೆಯಲ್ಲಿ ಬಿಷಪ್ಪರ ಸಹಿ ಇತ್ತು. ಜೊತೆಗೆ ಒಂದು ಮಾತು: ನಮ್ಮವರ ಪ್ರಾರ್ಥನೆ ಮುಗಿದ ಕಡೆ ನಮ್ಮವರು ಆಮೆನ್ ಹೇಳದೆ ಸುಮ್ಮನೆ ನಿಲ್ಲಲಿ, ಅವರ ಕೊನೆಯ ಸಾಲು ಆದ ಮೇಲೆ ಆಮೆನ್ ಒಂದನ್ನು ಎಲ್ಲರೂ ಸೇರಿ ಹೇಳಲಿ. ಉಪದೇಶಿಗಳು ಎರಡು ಸಂಜೆ ತಮ್ಮ ಜನರನ್ನು ಕೂರಿಸಿಕೊಂಡು ಆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿದರು. ಮಾತು ಕಲಿಸಿದ್ದಕ್ಕಿಂತ ಅದೇ ಕಷ್ಟವಾಯಿತಂತೆ.

ಭಾನುವಾರ ಮಧ್ಯಾಹ್ನ. ಬಸ್ಸು ಕೆಡಲಿಲ್ಲ, ಪೆಡಲು ಕಳಚಲಿಲ್ಲ, ಗೋದಾಮಿನ ಯಜಮಾನರು ಬೀಗದ ಕೈಯ ಜೊತೆಗೆ ಎರಡು ಹೊಸ ಚಾಪೆಯನ್ನೂ ಕಳಿಸಿದರು. ಸೀನಿದವರು ನಾಲ್ಕೈದು ಮಂದಿ, ಎರಡೂ ಕಡೆಯವರು. ಹೊಗೆಸೊಪ್ಪಿನ ಮೂಟೆಗಳ ನಡುವೆ ಜನ ಎರಡು ಗುಂಪಾಗಿಯೇ ಕೂತರು. ನಡುವೆ ಒಂದು ಮೊಳ ದಾರಿ. ನಾನು ಹಾಳೆ ಹಂಚಿ ಬಾಗಿಲಲ್ಲಿ ನಿಂತೆ. ಉಪದೇಶಿಗಳು ಕೊನೆಗೆ ಬಂದರು. ಹೊಸ್ತಿಲ ಮೇಲೆ ನಿಂತರು. ದಾರಿಯ ಆಚೆ ಅಂಚಿನಲ್ಲಿ ಮಗಳು ನಿಂತಿದ್ದಳು. ಅವರು ನಡೆದು ಹೋಗಿ ದಾರಿಯ ಈಚೆ ಅಂಚಿನಲ್ಲಿ, ಅವಳ ಪಕ್ಕಕ್ಕೆ, ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಪಾದ್ರಿ ಅಯ್ಯನವರು ನಾಲ್ಕು ಮಾತಾಡಿದರು, ಬಿಷಪ್ಪರು ಕಳಿಸಿದ್ದ ಪಾದ್ರಿಗಳು ನಾಲ್ಕು ಮಾತಾಡಿದರು. ಎಲ್ಲರೂ ಎದ್ದರು. ಪ್ರಾರ್ಥನೆ ಶುರುವಾಯಿತು. 'ನಿನ್ನ' ಎಂದವರು 'ನಿನ್ನ' ಎಂದರು, 'ನಿಮ್ಮ' ಎಂದವರು 'ನಿಮ್ಮ' ಎಂದರು. ನಾನು ಹೆದರಿದ್ದ ಆ ಡಿಕ್ಕಿ ಕೇಳಿಸಲೇ ಇಲ್ಲ. ಇನ್ನೂರು ಬಾಯಲ್ಲಿ 'ನಿ' ಒಂದು ಕೇಳಿ, ಉಳಿದದ್ದು ಗುಂಯ್ ಎಂದಿತು. ಉಪದೇಶಿಗಳ ತುಟಿ ಆಡುತ್ತಿತ್ತು. ಮಗಳ ತುಟಿ ಆಡುತ್ತಿತ್ತು.

ತಪ್ಪಿದ್ದು ಒಂದೇ. ಮೊಳೆ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ಉಪದೇಶಿಗಳ ಪ್ರಾರ್ಥನೆ ನನಗೂ ಬಾಯಿಗೆ ಬಂದುಬಿಟ್ಟಿತ್ತು. ಆತಂಕದಲ್ಲಿ ನಾನೂ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಕ್ಯಾಥೊಲಿಕ್ಕರು ಕಲಿತಂತೆ ಸರಿಯಾದ ಜಾಗದಲ್ಲಿ ಒಬ್ಬರೂ ತಪ್ಪದೆ ಸುಮ್ಮನಾದರು. ಆ ನಿಶ್ಶಬ್ದಕ್ಕೆ ಸರಿಯಾಗಿ, ವಿಭೂತಿ ಹಚ್ಚಿದ ನಾನು, ಗೋದಾಮಿಗೆಲ್ಲ ಕೇಳುವಂತೆ, "ಆಮೆನ್" ಎಂದೆ.

ಇನ್ನೂರು ತಲೆ ಬಾಗಿಲ ಕಡೆ ತಿರುಗಿದವು. ಪ್ರಾಟೆಸ್ಟೆಂಟರೂ ಮುಗಿಯಿತೇನೋ ಎಂದು ತಡವರಿಸಿ ನಿಂತರು. ಉಪದೇಶಿಗಳ ಮಗಳು ಕಣ್ಣು ಮುಚ್ಚಿದ್ದಳು; ಅವಳಿಗೆ ಏನೂ ತಿಳಿಯಲಿಲ್ಲ. ಆ ಕೊನೆಯ ಸಾಲನ್ನು ಅವಳೊಬ್ಬಳೇ, ಅಷ್ಟು ಜನರ ನಡುವೆ, ಪೂರ್ತಿ ಹೇಳಿದಳು. ಸಾಲು ಮುಗಿದಾಗ ಗಾಬರಿಯಿಂದ ಕಣ್ಣು ಬಿಟ್ಟಳು.

"ಆಮೆನ್," ಎಂದರು ಪಕ್ಕದಲ್ಲಿದ್ದ ಅವಳ ಅಪ್ಪ.